ಹ್ಯೂನ ಮಕ್ಕಳು

ಪಾಂಟ್ ಗ್ಲಾಸ್, ಕುಮ್ ಹೆಲಿಗ್,
ಬಾಲಾ ಹತ್ತಿರ.
೧೯೯೬ ಮಾರ್ಚ್ ೧೭, ಭಾನುವಾರ

ಪ್ರೀತಿಯ ಇದ್ವಾಲಣ್ಣಾ,

ಹೇಗಿದ್ದೀಯ? ಮೊದಲು ನಿನ್ನ ಮೊಣಕಾಲಿನ ಸಮಾಚಾರ ಬೇಕು. ಹೋದ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀಯ. ಈ ಕಣಿವೆಯ ಮನೆಮನೆ ತಿರುಗಿ ಕಾಲಿಗೆ ಪಟ್ಟಿ ಕಟ್ಟುವ ನರ್ಸ್ ನಾನು. ಗಂಡಸರ ‘ಪರವಾಗಿಲ್ಲ’ದ ಅರ್ಥ ನನಗೆ ಚೆನ್ನಾಗಿ ಗೊತ್ತು. ಊತ ಇಳಿಯುವ ತನಕ ಕುದುರೆ ಹತ್ತಬೇಡ. ಅತ್ತಿಗೆ ಸಿಲ್ವಿಯಾಳ ರಕ್ತದೊತ್ತಡ ಹತೋಟಿಗೆ ಬಂತೆ? ಅವಳು ಕ್ರಿಸ್‌ಮಸ್ಸಿಗೆ ಕಳಿಸಿದ ಹಾಲಿನ ಸಿಹಿಯ ಡಬ್ಬ ಫೆಬ್ರವರಿಯಲ್ಲಿ ಬಂದು ತಲುಪಿತು. ‘ಇಷ್ಟು ಸಿಹಿ ತಿಂದೂ ಆ ಪಟಗೋನಿಯಾದ ಜನ ಹೇಗೆ ಬದುಕಿದ್ದಾರೋ!’ ಎಂದು ದಿನಾ ಬೆಳಗ್ಗೆ ಆಶ್ಚರ್ಯಪಡುತ್ತಾ ಅಮ್ಮ ಅದನ್ನು ಬ್ರೆಡ್ಡಿಗೆ ಸವರಿಕೊಂಡು ಪೂರ್ತಿ ಖಾಲಿ ಮಾಡಿದಳು. ಸಿಲ್ವಿಯಾಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಅಮ್ಮನ ಆರೋಗ್ಯ ಚಳಿಗಾಲದಲ್ಲಿ ಹೆದರಿಸಿದಷ್ಟು ಈಗ ಹೆದರಿಸುತ್ತಿಲ್ಲ. ಎದೆಯಲ್ಲಿ ಗೊರಗೊರ ಇದೆ, ಮೆಟ್ಟಿಲು ಹತ್ತುವುದಿಲ್ಲ, ಹಾಸಿಗೆಯನ್ನು ಕೆಳಗಿನ ಕೋಣೆಗೇ ತಂದಿದ್ದೇನೆ. ಆದರೆ ನಾಲಿಗೆ ಮೊದಲಿನಷ್ಟೇ ಹರಿತ. ಇವತ್ತು ಅಮ್ಮಂದಿರ ಭಾನುವಾರವಲ್ಲವೆ, ಒಂದು ಹಿಡಿ ಡ್ಯಾಫೊಡಿಲ್ ಹೂ ಕಿತ್ತು ತಂದುಕೊಟ್ಟರೆ, ‘ಗೇಟಿನ ಹತ್ರದ್ದು ಕಿತ್ತೆಯಾ? ಅಲ್ಲೇ ಚೆನ್ನಾಗಿತ್ತಲ್ಲೇ’ ಎಂದು ಬೈದು, ಆಮೇಲೆ ತಾನೇ ಎದ್ದು ಹೂಜಿಗೆ ನೀರು ತುಂಬಿಸಿ ತಂದಳು.

ಈ ಸಲ ಕಾಗದ ಉದ್ದವಾಗುತ್ತದೆ, ಕುರ್ಚಿ ಎಳೆದುಕೊಂಡು ಕೂತು ಓದು. ನಮ್ಮ ಬೆಥೆಲ್ ಚಾಪೆಲ್ ಮುಚ್ಚಿದ ಸುದ್ದಿ ಬರೆದಿದ್ದೆನಲ್ಲ. ಕೊನೆಕೊನೆಗೆ ಪ್ರಾರ್ಥನೆಯಲ್ಲಿ ಹಾಡುವವರಿಗಿಂತ ಹಾಡಿನ ಪುಸ್ತಕಗಳೇ ಹೆಚ್ಚಾಗಿದ್ದವು. ಕಟ್ಟಡವನ್ನು ಯಾರೋ ಕೊಳ್ಳುತ್ತಾರಂತೆ, ಹಿಂದಿನ ಸಮಾಧಿಯಂಗಳ ಮಾತ್ರ ನಮ್ಮೂರಿನ ಟ್ರಸ್ಟಿಗಳ ಕೈಯಲ್ಲಿ ಉಳಿಯಿತು. ಟ್ರಸ್ಟಿಗಳೆಂದರೆ ಈಗ ಇಬ್ಬರೇ: ಎಲಿಸ್ ಪೋಸ್ಟ್ ಮತ್ತು ನಿನ್ನ ಜೊತೆ ಓದಿದ ನೆಸ್ಟಾ. ನೆಸ್ಟಾ ಈಗ ಶಾಲೆಯ ಬಸ್ಸು ಓಡಿಸುತ್ತಾಳೆ, ಬಾಯಿ ಬಸ್ಸಿನ ಹಾರ್ನಿಗಿಂತ ಜೋರು. ಎಲಿಸ್ ಅಂಚೆಮನೆಯಿಂದ ನಿವೃತ್ತರಾಗಿ ಎಷ್ಟು ಕಾಲವಾಯಿತೋ, ಇನ್ನೂ ಯಾವ ಕಾಗದ ಕೈಗೆ ಕೊಟ್ಟರೂ ಮೊದಲು ತೂಕ ನೋಡುವವರ ಹಾಗೆ ಅಂಗೈ ಮೇಲೆ ಆಡಿಸುತ್ತಾರೆ. ಅಂಗಳದಲ್ಲಿ ಜಾಗ ತೀರಿದ್ದರಿಂದ ಹೊಸ ನಿಯಮ ಮಾಡಿದರು. ಹಳೆಯ ಮನೆತನಗಳ ಸಮಾಧಿಗಳಲ್ಲಿ ಉಳಿದಿರುವ ಜಾಗ, ಆ ಕಲ್ಲಿನಲ್ಲಿ ಮೊದಲು ಹೆಸರಿರುವವರ ವಂಶಸ್ಥರಿಗೆ ಮತ್ತು ಅವರನ್ನು ಮದುವೆಯಾದವರಿಗೆ ಮಾತ್ರ. ಪ್ರತಿ ಮನೆಯವರೂ ತಮ್ಮ ವಂಶದ ಸಾಲನ್ನು ದಾಖಲೆ ಸಮೇತ ತೋರಿಸಬೇಕು. ನಮ್ಮ ಮನೆತನದ ಜಾಗದಲ್ಲಿ ಅಪ್ಪನ ಪಕ್ಕ ಅಮ್ಮನಿಗೆ, ಅದರಾಚೆ ಇನ್ನೊಬ್ಬರಿಗೆ, ಅಷ್ಟೇ ಉಳಿದಿರುವುದು.

ಎಲಿಸ್ ಇದನ್ನು ಹೇಳಲು ಮನೆಗೆ ಬಂದಾಗ ಅಮ್ಮ ಚಹಾ ಬಗ್ಗಿಸುತ್ತಿದ್ದಳು. ‘ಇನ್ನೊಂದು ಜಾಗ ಮೆರೆರಿದ್‌ಗೆ’ ಎಂದಳು, ನನ್ನ ಕಡೆ ತಿರುಗಿಯೂ ನೋಡದೆ, ಸಕ್ಕರೆ ಎಷ್ಟು ಎಂದು ಕೇಳುವ ಧಾಟಿಯಲ್ಲೇ. ಎಲಿಸ್ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಾ ಕೂತರು. ‘ಲೌರಿ, ನಿಯಮ ವಂಶಸ್ಥರಿಗೆ ಅನ್ನುತ್ತೆ. ಮೆರೆರಿದ್‌ನ ನೀವು… ಸಾಕಿದ್ದು.’ ‘ಸಾಕಿದ್ದು ಕೋಳೀನ, ಎಲಿಸ್. ಇವಳು ನನ್ನ ಮಗಳು.’ ‘ಕೋರ್ಟಿನಲ್ಲಿ ದತ್ತು ಅಂತ ಮಾಡಿಸಿದ್ರಾ?’ ‘ಮಗಳು ಅನ್ನೋಕೆ ನನಗೆ ಕೋರ್ಟಿನ ಅಪ್ಪಣೆ ಬೇಕಾಗಿತ್ತಾ?’ ಪಾಪ, ಎಲಿಸ್‌ಗೆ ಬೆವರು. ‘ನಾನು ಹೇಳಿದ್ದಲ್ಲ ಲೌರಿ, ನಿಯಮ ಹೇಳಿದ್ದು’ ಎಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಏನೆನ್ನಿಸಿತು ಎಂದು ನಿನಗೆ ಹೇಗೆ ಹೇಳಲಿ? ಲಿವರ್‌ಪೂಲಿನ ಅನಾಥ ಮಕ್ಕಳ ಮನೆಯಿಂದ ನಾಲ್ಕು ವರ್ಷದವಳು ಇಲ್ಲಿಗೆ ಬಂದಾಗಿನಿಂದ ಈ ಮನೆಯಲ್ಲಿ ಯಾರೂ ನನಗೆ ಆ ಮಾತನ್ನು ನೆನಪಿಸಿರಲಿಲ್ಲ. ಕೋಪ ಬರಲಿಲ್ಲ. ಹೊಸಿಲು ಸ್ವಲ್ಪ ಎತ್ತರವಾದ ಹಾಗೆ ಅನ್ನಿಸಿತು, ಅಷ್ಟೆ. ಕೊನೆಗೆ ಎಲಿಸ್, ‘ಮೆರೆರಿದ್ ವಿಷಯ ಸಭೆಗೆ ಇಡ್ತೀನಿ. ಅದಕ್ಕೂ ಮೊದಲು ಮನೆತನದ ಸಾಲು ಸರಿಯಾಗಿ ತಂದುಕೊಡಿ’ ಎಂದು ಎದ್ದರು. ಗೋಡೆಯ ಮೇಲೆ ನೀನು ಬರೆದು ಕಟ್ಟುಹಾಕಿಸಿದ ವಂಶವೃಕ್ಷ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ‘ಇದ್ವಾಲ್‌ನ ಅಕ್ಷರ ಚೆನ್ನಾಗಿದೆ. ಆದ್ರೆ ಇದು ಚಿತ್ರ. ನನಗೆ ಪುರಾವೆ ಬೇಕು. ಒಂದೊಂದು ಗೆರೇನೂ ಪರಿಶೀಲಿಸಿ ತಾ.’

ಹಾಗೆ ನಿನ್ನ ಮರ ಹತ್ತುವ ಕೆಲಸ ನನ್ನ ಪಾಲಿಗೆ ಬಂತು. ರಜಾದ ದಿನಗಳಲ್ಲಿ ಡೊಲ್ಗೆಲ್ಲಾಯ್‌ಗೆ ಕಾರು ಓಡಿಸಿಕೊಂಡು ಹೋಗಿ ಅಲ್ಲಿಯ ದಾಖಲೆ ಕಚೇರಿಯಲ್ಲಿ ಕೂರುತ್ತಿದ್ದೆ. ಅಣ್ಣಾ, ನಮ್ಮ ಹಿರಿಯರಿಗೆ ಹೆಸರಿಡುವುದರಲ್ಲಿ ಎಂಥ ಜಿಪುಣತನ! ಒಂದೇ ಕಣಿವೆಯಲ್ಲಿ, ಒಂದೇ ಕಾಲದಲ್ಲಿ, ಎಷ್ಟು ಜಾನ್ ಜೋನ್ಸ್, ಎಷ್ಟು ಮಾರ್ಗರೆಟ್ ಎವಾನ್ಸ್! ಹೊಲಮನೆಯ ಹೆಸರು ಜೊತೆಗಿಲ್ಲದಿದ್ದರೆ ಯಾರು ಯಾರ ಮಕ್ಕಳೋ ದೇವರೇ ಬಲ್ಲ. ಅಲ್ಲಿ ಕ್ಯಾರಿಸ್ ಎಂಬ ಹುಡುಗಿ ಕೆಲಸಕ್ಕಿದ್ದಾಳೆ. ಹಳೆಯ ಪುಸ್ತಕಗಳ ಫಿಲ್ಮ್ ತೋರಿಸುವ ಯಂತ್ರದ ಮುಂದೆ ತಲೆ ಸುತ್ತಿ ಕೂತವರನ್ನೆಲ್ಲ ಸಮಾಧಾನ ಮಾಡುವುದೇ ಅವಳ ಮುಖ್ಯ ಕೆಲಸವೆಂದು ಕಾಣುತ್ತದೆ. ಅಪ್ಪನಿಂದ ಹಿಂದಕ್ಕೆ ಶುರುಮಾಡಿದೆ. ಅಪ್ಪ ಟೊಮೋಸ್, ಅವರಪ್ಪ ಗ್ರಿಫಿತ್, ಅವರಪ್ಪ ಹ್ಯೂ. ಹುಟ್ಟು, ಮದುವೆ, ಸಾವು, ಎಲ್ಲದರ ನಕಲೂ ಸಿಕ್ಕಿತು. ಎಲ್ಲವೂ ನೀನು ಬರೆದ ಹಾಗೇ ಇತ್ತು. ಉಳಿದದ್ದು ಒಂದೇ ಗೆರೆ: ಮುತ್ತಜ್ಜ ಹ್ಯೂನಿಂದ ಅವನ ತಂದೆ ರಾಬರ್ಟ್ ಪ್ಯೂಗೆ. ನಮ್ಮ ಚಾಪೆಲಿಗೆ ನೆಲ ಕೊಟ್ಟವನು, ಜಮೀನ್ದಾರನ ಮಾತಿಗೆ ತಲೆಬಾಗದೆ ನಿಂತವನು, ನೀನು ಅಲ್ಲಿ ನಿಮ್ಮ ಟ್ರೆವೆಲಿನ್‌ನಲ್ಲಿ ಭಾಷಣ ಮಾಡುವಾಗೆಲ್ಲ ‘ಅದು ನಮ್ಮ ರಕ್ತದಲ್ಲೇ ಇದೆ’ ಎನ್ನುವೆಯಲ್ಲ, ಅದೇ ರಾಬರ್ಟ್. ೧೮೪೬ರ ದೀಕ್ಷಾಸ್ನಾನದ ಪುಸ್ತಕದಲ್ಲಿ ನೀನು ಹೇಳಿದ ಸಾಲು ಸಿಕ್ಕಿತು: ‘ಹ್ಯೂ, ಪಾಂಟ್ ಗ್ಲಾಸಿನ ರಾಬರ್ಟ್ ಪ್ಯೂ ಮತ್ತು ಸಿಯಾನ್ ಇವರ ಮಗ.’ ಖುಷಿಯಿಂದ ಕ್ಯಾರಿಸ್‌ಗೆ ತೋರಿಸಿದೆ. ಅವಳು ಓದಿ, ‘ತುಂಬಾ ಸಂತೋಷ. ಈಗ ಇವನು ಬದುಕಿದ್ದ ಅಂತ ಖಾತ್ರಿ ಮಾಡ್ಕೊಳ್ಳಿ’ ಎಂದಳು. ‘ಬದುಕದೆ ನನ್ನ ಅಪ್ಪ ಎಲ್ಲಿಂದ ಬರ್ತಾರಮ್ಮ?’ ಎಂದು ನಕ್ಕೆ. ಅವಳೂ ನಕ್ಕಳು. ‘ಇಲ್ಲಿಗೆ ಬರೋರು ಎಷ್ಟೋ ಜನ ಸತ್ತ ಮಗೂಗೆ ಮದುವೆ ಮಾಡಿಸಿರ್ತಾರೆ. ಒಂದ್ಸಲ ಸಮಾಧಿ ಪುಸ್ತಕಾನೂ ನೋಡಿಬಿಡಿ.’

ನೋಡಿದೆ. ನೋಡದಿದ್ದರೆ ಚೆನ್ನಾಗಿತ್ತು ಎಂದು ಒಂದು ವಾರ ಅಂದುಕೊಂಡೆ, ಈಗ ಹಾಗನ್ನಿಸುವುದಿಲ್ಲ. ಚಾಪೆಲ್ ಕಟ್ಟುವ ಮುಂಚೆ ಎಲ್ಲರನ್ನೂ ಕೆಳಗಿನ ಹಳೆಯ ಚರ್ಚಿನಲ್ಲಿ ಮಣ್ಣು ಮಾಡುತ್ತಿದ್ದರಲ್ಲ, ಅಲ್ಲಿಯ ಪುಸ್ತಕದಲ್ಲಿ ೧೮೪೯ರ ಚಳಿಗಾಲದ ಕೆಳಗೆ ಬರೆದಿತ್ತು: ‘ಹ್ಯೂ ಪ್ಯೂ, ಪಾಂಟ್ ಗ್ಲಾಸ್, ಮೂರು ವರ್ಷ.’ ಆ ಮಗು ಹೋಗಿಬಿಟ್ಟಿತ್ತು, ಅಣ್ಣಾ. ಯಂತ್ರದ ದೀಪ ಉರಿಯುತ್ತಲೇ ಇತ್ತು, ಹಿಡಿ ತಿರುಗಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಹಾಗಾದರೆ ನಮ್ಮ ಮುತ್ತಜ್ಜ ಯಾರು? ಕ್ಯಾರಿಸ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು, ಇಬ್ಬರೂ ಸೇರಿ ಜನಗಣತಿಯ ಹಾಳೆಗಳನ್ನು ತೆಗೆದೆವು. ೧೮೫೧ರಲ್ಲಿ ಈ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅದರ ಮುಂದಿನ ಗಣತಿಯಲ್ಲಿ ಅವರಿಬ್ಬರ ಕೆಳಗೆ ಇನ್ನೊಂದು ಹೆಸರು: ‘ಹ್ಯೂ ಜೋನ್ಸ್, ಹನ್ನೊಂದು ವರ್ಷ, ಕೆಲಸದ ಹುಡುಗ, ಹುಟ್ಟಿದ್ದು ಕೊರ್ವೆನ್.’ ಅದರ ಮುಂದಿನದರಲ್ಲಿ ಜೋನ್ಸ್ ಇಲ್ಲ. ಅವನ ಜಾಗದಲ್ಲಿ ‘ಹ್ಯೂ ಪ್ಯೂ, ಇಪ್ಪತ್ತೊಂದು ವರ್ಷ, ಮಗ, ಹುಟ್ಟಿದ್ದು ಕೊರ್ವೆನ್.’ ಇವರ ಸ್ವಂತ ಮಗ ಬದುಕಿದ್ದರೆ ಇಪ್ಪತ್ತೈದಾಗಬೇಕಿತ್ತು, ಹುಟ್ಟಿದ್ದು ಇದೇ ಕಣಿವೆಯಲ್ಲಾಗಬೇಕಿತ್ತು. ಬಾಲಾದಲ್ಲಿ ಆಗಿನ ಕಾಲಕ್ಕೆ ದಿಕ್ಕಿಲ್ಲದವರನ್ನು ಇರಿಸುವ ಬಡಜನರ ಮನೆ ಇತ್ತಲ್ಲ, ಅಲ್ಲಿಂದ ಹೊಲಮನೆಗಳಿಗೆ ಕಳಿಸಿದ ಮಕ್ಕಳ ಸಾಲಿನಲ್ಲೂ ಅವನ ಹೆಸರಿತ್ತು. ತಾಯಿ ತೀರಿಕೊಂಡಿದ್ದಾಳೆ, ತಂದೆ ಗೊತ್ತಿಲ್ಲ, ಪಾಂಟ್ ಗ್ಲಾಸಿಗೆ ಕಳಿಸಲಾಗಿದೆ. ಅಷ್ಟೇ. ಕೆಲಸದ ಹುಡುಗನಾಗಿ ಬಂದವನು ಹತ್ತು ವರ್ಷ ಕಳೆಯುವಷ್ಟರಲ್ಲಿ ಮಗನಾಗಿದ್ದ. ಯಾವಾಗ, ಯಾವ ಹೊತ್ತಿನಲ್ಲಿ ಆದ ಎಂದು ಯಾವ ಪುಸ್ತಕದಲ್ಲೂ ಇಲ್ಲ.

ಮನೆಗೆ ಬರುವಾಗ ಸರೋವರದ ದಂಡೆಯಲ್ಲಿ ಕಾರು ನಿಲ್ಲಿಸಿ ಕೂತೆ. ಗಾಳಿಗೆ ನೀರು ರೇಗಿಕೊಂಡಿತ್ತು. ನನಗೆ ಭಯವಾಗಿತ್ತು, ಅಣ್ಣಾ. ನಿಯಮ ರಕ್ತದ ಮಾತಾಡುತ್ತದೆ. ರಾಬರ್ಟನ ರಕ್ತ ನಮ್ಮ ಅಪ್ಪನಲ್ಲಿ ಒಂದು ಹನಿಯೂ ಇರಲಿಲ್ಲ. ಅಂದ ಮೇಲೆ ಅಪ್ಪನಿಗೇ ಅಲ್ಲಿ ಹಕ್ಕಿಲ್ಲ, ಅಪ್ಪನ ಪಕ್ಕದಲ್ಲಿ ಮಲಗಲು ಕಾಯುತ್ತಿರುವ ಅಮ್ಮನಿಗೂ ಇಲ್ಲ. ನನಗೆ ಜಾಗ ಕೇಳಲು ಹೋಗಿ ಅಮ್ಮನ ಜಾಗಕ್ಕೇ ಸಂಚಕಾರ ತಂದೆನೆ? ಚೀಲದಲ್ಲಿ ದೀಕ್ಷಾಸ್ನಾನದ ನಕಲು ಇತ್ತು. ಅದೊಂದನ್ನೇ ಎಲಿಸ್ ಮುಂದಿಟ್ಟರೆ ಸಾಕಿತ್ತು. ನಿನಗೂ ಅಮ್ಮನಿಗೂ ಎಲ್ಲ ಸರಿಯಾಗಿರುತ್ತಿತ್ತು, ನನಗೆ ಮಾತ್ರ ಇಲ್ಲ, ಅದೇನು ಹೊಸದಲ್ಲ. ಹಾಗೇ ಮಾಡಿಬಿಡೋಣ ಎಂದುಕೊಂಡು ಕಾರು ಶುರು ಮಾಡಿದೆ. ಆದರೆ ಆ ಹನ್ನೊಂದು ವರ್ಷದ ಹುಡುಗ ಕಣ್ಣ ಮುಂದಿನಿಂದ ಹೋಗಲೊಲ್ಲ. ಗಂಟು ಹಿಡಿದುಕೊಂಡು ನಮ್ಮ ಗೇಟಿನಲ್ಲಿ ನಿಂತಿದ್ದಾನೆ, ಒಳಗೆ ಬರಲೋ ಬೇಡವೋ ಎಂದು. ನಾನು ನಿಂತ ಗೇಟು ಅದು, ಅಣ್ಣಾ. ಅವನನ್ನು ಅಳಿಸಿ, ಬದುಕದೆ ಹೋದ ಮಗುವನ್ನು ಅವನ ಜಾಗದಲ್ಲಿ ಕೂರಿಸಿ ಬರಲು ನನ್ನಿಂದಾಗಲಿಲ್ಲ.

ಮೊದಲು ಅಮ್ಮನಿಗೆ ಹೇಳಿದೆ. ಲೋಬ್‌ಸ್ಕೌಸ್ ಸಾರು ಬಿಸಿ ಮಾಡಿ ಬಟ್ಟಲಿಗೆ ಹಾಕಿಕೊಟ್ಟು, ಎದೆ ಗಟ್ಟಿ ಮಾಡಿಕೊಂಡು, ಒಂದೊಂದೇ ನಕಲು ಮೇಜಿನ ಮೇಲಿಟ್ಟು ವಿವರಿಸಿದೆ. ಅವಳು ಚಮಚ ಕೆಳಗಿಡದೆ ಕೇಳಿದಳು. ಮುಗಿದ ಮೇಲೆ, ‘ಪಾಪ, ಸಿಯಾನ್’ ಎಂದಳು. ಮೊದಲು ಬಂದ ಮಾತು ಅದು. ಸಮಾಧಿಯೂ ಅಲ್ಲ, ಹಕ್ಕೂ ಅಲ್ಲ. ‘ಮಗು ಹೋದ ಮೇಲೆ ಹನ್ನೆರಡು ವರ್ಷ ಆ ಹೆಸರು ಮನೇಲಿ ಯಾರ ಬಾಯಲ್ಲೂ ಬಂದಿರಲ್ಲ. ಆ ಬಡಜನರ ಮನೆ ಅಂಗಳದಲ್ಲಿ ಯಾರೋ ಹ್ಯೂ ಅಂತ ಕೂಗಿದ್ದು ಕೇಳಿ ತಿರುಗಿ ನೋಡಿರ್ತಾಳೆ. ಆಮೇಲೆ ಬಿಟ್ಟು ಬರೋಕಾಗುತ್ತಾ?’ ಇದಕ್ಕೆ ಪುರಾವೆ ಇಲ್ಲ ಅಮ್ಮಾ ಎಂದೆ. ‘ನೀನು ಪುರಾವೆ ಇಟ್ಕೋ, ನಾನು ಇದನ್ನ ಇಟ್ಕೊತೀನಿ’ ಎಂದಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಗಲು ಶುರು. ನಕ್ಕು ನಕ್ಕು ಕೆಮ್ಮು ಬಂದು ನಾನು ಬೆನ್ನು ತಟ್ಟಬೇಕಾಯಿತು. ‘ಪ್ಯೂ ಅಂದ್ರೆ ಹ್ಯೂನ ಮಗ ಅಂತ ತಾನೇ? ನೋಡು ಮತ್ತೆ. ಇಷ್ಟು ದಿನ ನಾವು ಹೆಸರಿಗೆ ಪ್ಯೂ. ಈಗ ನಿಜವಾಗ್ಲೂ ಹ್ಯೂನ ಮಕ್ಕಳಾದೆವು!’

ಅವಳು ಇನ್ನೊಂದು ಮಾತು ಹೇಳಿದಳು. ಅದನ್ನು ನಿನಗೆ ಬರೆಯಲೇಬೇಕೆಂದು ಅಂದೇ ನಿಶ್ಚಯಿಸಿದೆ. ಯುದ್ಧ ಮುಗಿದ ಮೇಲೆ ಲಿವರ್‌ಪೂಲಿನ ಮಗುವೊಂದನ್ನು ತರೋಣವೆ ಎಂದು ಅಮ್ಮ ಕೇಳಿದಾಗ, ಅಪ್ಪ ಏನನ್ನುತ್ತಾರೋ ಎಂದು ಅವಳಿಗೆ ತುಂಬ ಅಳುಕಿತ್ತಂತೆ. ಅಪ್ಪನ ಸ್ವಭಾವ ನಿನಗೆ ಗೊತ್ತಲ್ಲ, ಒಂದು ಕುರ್ಚಿ ಕೊಳ್ಳಬೇಕಾದರೂ ಮೂರು ಸಂತೆ ಸುತ್ತುವ ಮನುಷ್ಯ. ಅವರು ಪೈಪಿನ ಬೂದಿ ಕೊಡವಿ, ‘ಹಾಸಿಗೆ ಎಲ್ಲಿ ಹಾಕೋಣ?’ ಎಂದಷ್ಟೇ ಕೇಳಿದರಂತೆ. ಅಷ್ಟು ಸಲೀಸಾಗಿ ಯಾಕೆ ಒಪ್ಪಿದರು ಎಂದು ಅಮ್ಮನಿಗೆ ಇಲ್ಲಿಯ ತನಕ ಅರ್ಥವಾಗಿರಲಿಲ್ಲ. ಮುತ್ತಜ್ಜ ಹ್ಯೂ ತೀರಿಕೊಂಡಾಗ ಅಪ್ಪನಿಗೆ ಹತ್ತೊಂಬತ್ತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತವರು. ‘ಅಜ್ಜ ಹೇಳಿರ್ಬೇಕು ಕಣೇ ಅವರಿಗೆ’ ಎಂದಳು ಅಮ್ಮ. ‘ಅವರಿಗೆ ಗೊತ್ತಿತ್ತು. ಅದನ್ನ ನನಗೂ ಹೇಳ್ದೆ ಹೋದ್ರು ನೋಡು, ಎಂಥ ಜಂಬ!’ ಹೀಗೆ ಬೈಯುತ್ತಾ ಕಣ್ಣೊರೆಸಿಕೊಂಡಳು. ನನಗಂತೂ ಆ ರಾತ್ರಿ ಅಪ್ಪನ ಮೇಲೆ ಬಂದ ಪ್ರೀತಿಯನ್ನು ಇಡಲು ಜಾಗ ಸಾಲಲಿಲ್ಲ.

ಹೋದ ಶನಿವಾರ ಟ್ರಸ್ಟಿಗಳ ಸಭೆ ಇತ್ತು, ಚಾಪೆಲಿನ ಹಿಂದಿನ ಕೋಣೆಯಲ್ಲಿ. ಹೊರಗೆ ಆಲಿಕಲ್ಲು. ಸೀಮೆಎಣ್ಣೆಯ ಹೀಟರ್ ಹಚ್ಚಿ, ಕೋಟು ಬಿಚ್ಚದೆ ಕೂತಿದ್ದೆವು. ಎಲ್ಲ ನಕಲುಗಳನ್ನೂ, ಬೇಡದ್ದನ್ನೂ ಸೇರಿಸಿ, ಎಲಿಸ್ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಓದಿದರು, ನೆಸ್ಟಾಗೆ ದಾಟಿಸಿದರು, ಮತ್ತೆ ಕಿತ್ತುಕೊಂಡು ಓದಿದರು. ‘ಮೆರೆರಿದ್, ಇದನ್ನ ಯಾಕೆ ತಂದೆ? ಸಮಾಧಿ ಪುಸ್ತಕದ ಹಾಳೆ ಬಿಟ್ಟು ಬಂದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ’ ಎಂದರು. ‘ನೀವು ಪರಿಶೀಲಿಸಿ ತಾ ಅಂದ್ರಿ. ತಂದಿದ್ದೀನಿ.’ ಅವರ ಮುಖ ಚಿಕ್ಕದಾಯಿತು. ‘ನಿಯಮದ ಪ್ರಕಾರ ನೋಡಿದ್ರೆ…’ ಎಂದು ಶುರುಮಾಡಿದರು. ನೆಸ್ಟಾ ಬಿಡಲಿಲ್ಲ. ‘ನಿಯಮದ ಪ್ರಕಾರ ನೋಡಿದ್ರೆ ಟೊಮೋಸ್ ಪ್ಯೂನ ಎಬ್ಬಿಸ್ಬೇಕಲ್ಲ! ಎದ್ದೇಳಿ ಟೊಮೋಸ್, ನೀವು ತಪ್ಪು ವಿಳಾಸಕ್ಕೆ ಬಂದಿದ್ದೀರಿ ಅಂತ ಹೇಳೋರು ಯಾರು? ನೀವಾ, ಎಲಿಸ್? ಪೋಸ್ಟಿನೋರು ನೀವೇ ತಾನೇ?’ ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಎಲಿಸ್ ಎದ್ದು, ಹಿಂದಿನ ಬಾಗಿಲು ತೆಗೆದು, ಆ ಆಲಿಕಲ್ಲಿನಲ್ಲಿ ಬರಿತಲೆಯಲ್ಲಿ ಅಂಗಳಕ್ಕೆ ನಡೆದುಬಿಟ್ಟರು. ಟೋಪಿಯಿಲ್ಲದೆ ಅವರು ಹೊರಗೆ ಕಾಲಿಟ್ಟದ್ದನ್ನು ನಾನು ನೋಡಿದ್ದೇ ಇಲ್ಲ. ಕಿಟಕಿಯಿಂದ ನೋಡಿದರೆ ರಾಬರ್ಟನ ಕಲ್ಲಿನ ಮುಂದೆ ಬಗ್ಗಿ, ಬೆರಳಿನಿಂದ ಪಾಚಿ ಕೆರೆಯುತ್ತಿದ್ದಾರೆ.

ರಾಬರ್ಟನ ಕಲ್ಲಿನ ಮೇಲೆ ಏನಿದೆ ನೆನಪಿದೆಯಾ? ಸಿಯಾನ್ ಕೆತ್ತಿಸಿದ್ದು: ‘ರಾಬರ್ಟ್ ಪ್ಯೂ, ಸಿಯಾನಳ ಗಂಡ, ಹ್ಯೂ ಮತ್ತು ಹ್ಯೂ ಇವರ ತಂದೆ.’ ಒಂದೇ ಹೆಸರು ಎರಡು ಸಲ. ಚಿಕ್ಕಂದಿನಲ್ಲಿ ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗೆಲ್ಲ ನೀನು ತೂರಾಡಿಕೊಂಡು ಕಲ್ಲು ಕೆತ್ತುವವನ ಹಾಗೆ ನಟಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದೆ. ಊರಿಗೆಲ್ಲ ಆ ತಮಾಷೆ ಗೊತ್ತಿತ್ತು. ಅದು ಎಷ್ಟು ಹಳೆಯ ತಮಾಷೆಯೆಂದರೆ, ಅಷ್ಟೆಲ್ಲ ಪುಸ್ತಕ ತಿರುವಿದ ನನಗೂ, ಎಲ್ಲ ಕೇಳಿದ ಅಮ್ಮನಿಗೂ, ಅದು ಹೊಳೆದೇ ಇರಲಿಲ್ಲ. ಎಲಿಸ್ ಒದ್ದೆಯಾಗಿ ಒಳಗೆ ಬಂದರು. ಕನ್ನಡಕ ಒರೆಸಿಕೊಂಡರು. ‘ಕಲ್ಲು ಕೆತ್ತಿದವನು ಕುಡಿದಿರಲಿಲ್ಲ, ಮೆರೆರಿದ್’ ಎಂದರು. ಆಮೇಲೆ ಎಲಿಸ್ ಪೆನ್ನು ತೆಗೆದು ನಿಯಮದಲ್ಲಿ ‘ವಂಶಸ್ಥರಿಗೆ’ ಎಂದಿದ್ದ ಕಡೆ ಗೆರೆ ಎಳೆದು, ‘ಮನೆಯ ಮಕ್ಕಳಿಗೆ’ ಎಂದು ಬರೆದರು. ಬರೆದು, ಇಬ್ಬರೂ ರುಜು ಹಾಕಿದರು. ‘ಚಾಪೆಲಿಗೆ ನೆಲ ಕೊಟ್ಟವನಿಗಿಂತ ನನಗೆ ಹೆಚ್ಚು ತಿಳಿದಿದೆ ಅಂತ ನಾನು ಹೇಗೆ ಹೇಳಲಿ?’ ಎಂದರು. ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಲು ಹೋದರೆ ಕೈ ಬಿಡಿಸಿಕೊಂಡು ಟೋಪಿ ಹುಡುಕತೊಡಗಿದರು.

ಅಣ್ಣಾ, ನಿನ್ನ ಮರದ ಒಂದು ಕೊಂಬೆ ಕಡಿದೆನೆಂದು ಬೇಸರವಾಯಿತೆ? ನೀನು ಅದಕ್ಕೆ ಎಷ್ಟು ಕಷ್ಟಪಟ್ಟಿದ್ದೆ ಎಂದು ಗೊತ್ತು. ರಜೆಗೆ ಬಂದವನು ಊರು ಸುತ್ತದೆ ಆ ಕಚೇರಿಯಲ್ಲಿ ಕೂತು ಬರೆದಿದ್ದೆ. ನೀನು ಆ ಮರ ಬರೆದು ಗೋಡೆಗೆ ಹಾಕದಿದ್ದರೆ ಪರಿಶೀಲಿಸಲು ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಹ್ಯೂ ನಮಗೆ ಸಿಗುತ್ತಲೇ ಇರಲಿಲ್ಲ. ಆ ಮರದಲ್ಲಿ ನನ್ನ ಹೆಸರನ್ನೂ ನಿನ್ನ ಹೆಸರಿನ ಪಕ್ಕ ಅದೇ ಶಾಯಿಯಲ್ಲಿ, ಅದೇ ದಪ್ಪದ ಗೆರೆಯಲ್ಲಿ ಬರೆದಿದ್ದೀಯಲ್ಲ. ಅದನ್ನು ಮೊದಲ ಸಲ ನೋಡಿದಾಗ ಹಟ್ಟಿಗೆ ಹೋಗಿ ನಿಂತಿದ್ದೆ. ಇಲ್ಲಿಗೆ ಬಂದಾಗ ನನಗೆ ನಮ್ಮ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ನೀನು ಎಂಟು ವರ್ಷದ ಮೇಷ್ಟ್ರು, ಕೈ ಹಿಡಿದು ಎಳೆದುಕೊಂಡು ಹೋಗಿ ಕುರಿ, ಬೆಂಕಿ, ಬೆಣ್ಣೆ ಎಂದು ಒಂದೊಂದೇ ಮುಟ್ಟಿಸಿ ಹೇಳಿಕೊಟ್ಟೆ. ಕೊನೆಗೆ ನಿನ್ನ ಎದೆ ಮುಟ್ಟಿಕೊಂಡು ‘ಅಣ್ಣ’ ಎಂದೆ. ಆ ಪದ ನಾನು ತಪ್ಪು ಹೇಳಿದ್ದಕ್ಕೆ ಮಾತ್ರ ನೀನು ಹತ್ತು ಸಲ ಹೇಳಿಸಿದೆ. ರಾಬರ್ಟನ ಧೈರ್ಯ ನಮ್ಮ ರಕ್ತದಲ್ಲಿದೆ ಎಂದು ಭಾಷಣದಲ್ಲಿ ಇನ್ನು ಹೇಳಲಾಗದು. ಆದರೆ ಅವನು ಬಾಗಿಲು ತೆಗೆದ, ಆ ಬಾಗಿಲನ್ನು ಈ ಮನೆಯವರು ಮತ್ತೆ ಹಾಕಲಿಲ್ಲ, ಹಾಗಾಗಿ ನನಗೆ ನೀನು ಸಿಕ್ಕಿದೆ ಎಂದು ಹೇಳು. ಅದಕ್ಕೆ ನಾನು ಸಾಕ್ಷಿ ಇದ್ದೇನೆ.

ಇನ್ನೊಂದು ವಿಷಯ, ಹೇಗೆ ಬರೆಯುವುದೆಂದು ತಿಳಿಯದೆ ಕೊನೆಯ ತನಕ ಮುಂದೂಡಿದೆ. ಎಲಿಸ್ ಹೊರಡುವಾಗ ಬಾಗಿಲಲ್ಲಿ ನಿಂತು, ಆ ಮನೆಯ ಮಕ್ಕಳು ಇಬ್ಬರಲ್ಲವೆ, ಜಾಗ ಒಂದೇ ಅಲ್ಲವೆ, ಇದ್ವಾಲ್ ಏನಂತಾನೆ ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ಬಂದೆ. ಊರು ಬಿಟ್ಟು ಎಷ್ಟೇ ದೂರ ಹೋಗಿದ್ದರೂ ಕೊನೆಗೆ ಇಲ್ಲಿಗೇ ಬರಬೇಕೆಂದು ನಿನ್ನ ಮನಸ್ಸಿನಲ್ಲಿ ಇರಬಹುದು. ಹಾಗಿದ್ದರೆ ಸಂಕೋಚವಿಲ್ಲದೆ ಹೇಳು, ನನಗೆ ಒಂದಿಷ್ಟೂ ನೋವಾಗುವುದಿಲ್ಲ. ‘ಮನೆಯ ಮಕ್ಕಳು’ ಎಂಬ ಮಾತಿನಲ್ಲಿ ನಾನೂ ಸೇರಿದೆನಲ್ಲ, ಅದೇ ನನಗೆ ಧಾರಾಳವಾಯಿತು. ನಿನಗೆ ಅಂಥ ಯೋಚನೆ ಇಲ್ಲದಿದ್ದರೆ ಮಾತ್ರ, ಆ ಜಾಗ ನನಗಿರಲಿ ಎಂದು ಎಲಿಸ್‌ಗೆ ತಿಳಿಸಬಹುದೇನೋ, ಬಿಡುವಾದಾಗ ಯೋಚಿಸು.

ಅಮ್ಮನ ಆಶೀರ್ವಾದ ನಿಮ್ಮೆಲ್ಲರ ಮೇಲಿದೆ. ಸಿಲ್ವಿಯಾಗೂ ಮಕ್ಕಳಿಗೂ ನನ್ನ ಪ್ರೀತಿ. ಅಲ್ಲಿ ಸೇಬಿನ ಕಾಲ ಅಲ್ಲವೆ ಈಗ, ಚೆನ್ನಾಗಿ ತಿನ್ನಿ. ಇಲ್ಲಿ ನಮ್ಮ ಹೊಲ ಗುತ್ತಿಗೆಗೆ ಮಾಡುವವರ ಕುರಿಗಳು ಮರಿ ಹಾಕುತ್ತಿವೆ, ಬೇಲಿಯಾಚೆಯಿಂದ ಅವುಗಳ ಕೂಗು ಕೇಳಿಸುತ್ತಿದೆ.

ನಿನ್ನ ಋಣದಲ್ಲಿರುವ, ನಿನ್ನ ಪ್ರೀತಿಯ ತಂಗಿ,
ಮೆರೆರಿದ್ ಪ್ಯೂ

ತಾ. ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಮ್ಮ ನಿದ್ದೆಯಿಂದ ಎದ್ದು ಬಂದು ‘ಏನು ಬರೆದೆ, ಓದು’ ಎಂದಳು. ಓದಿದೆ. ಕೊನೆಗೆ ಬರುವ ತನಕ ತಲೆ ಆಡಿಸುತ್ತಿದ್ದವಳು ಅಲ್ಲಿ ತಡೆದಳು. ‘ಅವನನ್ನ ಕೇಳಿದ್ದೀಯಾ? ಯಾಕೆ ಕೇಳಿದೆ? ಕೇಳೋದಲ್ಲ, ಹೇಳು.’ ಅವನೂ ನಿನ್ನ ಮಗನೇ ಅಲ್ವಾ ಅಮ್ಮಾ, ಹೆತ್ತ ಮಗ ಎಂದೆ. ಅದಕ್ಕೆ ಅವಳು ಹೇಳಿದ್ದನ್ನು ಅವಳು ಎದುರಿಗೆ ಕೂತಿರುವಾಗಲೇ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ: ‘ಅವನು ತಾನಾಗೇ ಹುಟ್ಟಿ ಬಂದ. ಯಾರು ಬೇಕು ಅಂತ ನನ್ನನ್ನ ಯಾರೂ ಕೇಳಲಿಲ್ಲ. ಬಂದವನು ಚಿನ್ನದಂಥವನೇ, ಅವನಿಗೆ ಗೊತ್ತು. ಆದ್ರೆ ನಿನ್ನನ್ನ ನಾನೇ ರೈಲು ಹತ್ತಿ ಹೋಗಿ, ಅಷ್ಟೊಂದು ಮಕ್ಕಳ ಮಧ್ಯೆ ನಿಂತು ನೋಡಿ, ಇವಳೇ ಅಂತ ಕೈ ಹಿಡ್ಕೊಂಡು ಬಂದೆ. ದಾರೀಲಿ ಒಂದು ಕಡೇನೂ ಕೈ ಬಿಡಲಿಲ್ಲ. ಈಗ ಬಿಡ್ತೀನಾ? ಹಾಗಂತ ಅವನಿಗೆ ಬರಿ.’

ಬರೆದಿದ್ದೇನೆ, ಅಣ್ಣಾ. ಎಲಿಸ್‌ಗೆ ಬೇಗ ಒಂದು ಸಾಲು ಹಾಕು.